ಒದ್ದೆ ಗೋಡೆ

ನೋಟಿಸು ಅಂಟಲಿಲ್ಲ. ತಿಮ್ಮೇಶ ಇನ್ನಷ್ಟು ಗೋಂದು ಬಳಿದು ಅಂಗೈಯಿಂದ ಒತ್ತಿ ಹಿಡಿದ. ಕೈ ತೆಗೆದದ್ದೇ ತಡ, ಕಾಗದ ಜಾರಿತು.

ಏಳು ದಿನದೊಳಗೆ ಕೆಡವಲಾಗುವುದು ಎಂಬ ನೋಟಿಸು. ಶ್ರೀರಂಗಪಟ್ಟಣದ ಹೊಳೆದಂಡೆಯ ಈ ಹಳೇ ಛತ್ರ ಹೋದರೆ ಏಳು ಅಂತಸ್ತಿನ ಹೋಟೆಲು ಏಳುತ್ತದೆ. ಗೋಡೆ ಶೀತ ಹಿಡಿದು ಕೊಳೆತಿದೆ ಎಂದು ವರದಿ ಕೊಟ್ಟವನು ತಿಮ್ಮೇಶನೇ. ಮೈಸೂರಿನಲ್ಲಿ ಓದಿದ ಸರ್ಕಾರಿ ಇಂಜಿನಿಯರು. ಯಂತ್ರ ಹಿಡಿದು ತೇವ ಅಳೆದಿದ್ದ.

"ನೀರು ಉಯ್ದಿವ್ನಿ ಕಣ್ಲಾ, ಎಂಗ್ ಅಂಟ್ಕತದೆ?"

ಬಿಂದಿಗೆ ಹೊತ್ತು ಬಂದವನು ಚಿಕ್ಕಮಾದಯ್ಯ. ಗಾರೆ ಕೆಲಸದ ಮುದುಕ. ಪಾಲಹಳ್ಳಿಯಲ್ಲಿ ಪಕ್ಕದ ಮನೆಯವನು, ತಿಮ್ಮೇಶನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು.

"ನೀರು ಹಾಕು ಅಂತ ಯಾರು ಹೇಳಿದ್ರು ತಾತ ನಿಂಗೆ?"

"ಯಾರ್ ಯೋಳ್ಬೇಕ್ಲಾ? ನಮ್ ಮುತ್ತಾತ ಮೆತ್ತಿದ್ ಗೋಡೆ. ಬಿರುಕಿಗೆಲ್ಲ ಸುಣ್ಣ, ಮರಳು, ಬೆಲ್ಲದ ನೀರು ಕಲ್ಸಿ ತುಂಬಿವ್ನಿ. ಇಪ್ಪತ್ತೊಂದು ದಿನ ನೀರು ಕುಡುಸ್ಬೇಕು. ಇಲ್ದಿದ್ರೆ ಬುಟ್ಕತದೆ."

"ಯಾವಾಗಿಂದ?"

"ಅಮಾಸೆ ಕಳುದ್ ಮಾರ್ನೆ ದಿನದಿಂದ."

ತಿಮ್ಮೇಶ ಅಳೆದದ್ದು ಅದಾದ ಮೂರನೇ ದಿನ. ಈ ಮುದುಕ ಸುರಿದ ನೀರನ್ನೇ ಅಳೆದು, ಗೋಡೆ ಕೊಳೆತಿದೆ ಎಂದು ಬರೆದುಕೊಟ್ಟಿದ್ದ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಪಾಪ, ತಿಮ್ಮೇಶನಿಗೆ ಒಕ್ಕಾಲಷ್ಟೇ ದಕ್ಕಿತ್ತು.

ಫೋನು ಬಂತು. ಸಾಹೇಬರು. "ಅಂಟಿಸಿದ್ರಾ?"

ತಪ್ಪಾಯಿತು ಸಾರ್, ಗೋಡೆ ಗಟ್ಟಿಯಿದೆ ಎಂದರೆ ಛತ್ರ ಉಳಿಯುತ್ತಿತ್ತು. ಆಫೀಸು ನಗುತ್ತಿತ್ತು, ಅಷ್ಟೇ. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಅಂಟಿಸ್ತಾ ಇದೀನಿ ಸಾರ್."

"ಏನ್ಲಾ ಬರ್ದದೆ ಅದ್ರಲ್ಲಿ?" ಚಿಕ್ಕಮಾದಯ್ಯನಿಗೆ ಓದಲು ಬರದು.

"ಛತ್ರದ ವಿಚಾರ."

"ಛತ್ರ ಉಳ್ಸಾಕೆ ಸರ್ಕಾರ ಕಣ್ ಬುಡ್ತು ಅನ್ನು. ನೀನೇ ಮಾಡ್ಸುದ್ದಾ?"

"ಹೂಂ."

ಮುದುಕನ ಮುಖ ಅರಳಿತು. ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸುವಷ್ಟು ಪ್ರೀತಿ ತಿಮ್ಮೇಶನಲ್ಲಿ ಉಕ್ಕಿ ಬಂತು. ಹೊಳೆಯ ಕಡೆ ತಿರುಗಿ ನಿಂತ.

"ನಿಮ್ ಗೋಂದು ಗೀಂದು ನಿಲ್ಲಾಕಿಲ್ಲ. ತತ್ತಾ ಇಲ್ಲಿ."

ಚಿಕ್ಕಮಾದಯ್ಯ ಕಾಗದ ಇಸಿದುಕೊಂಡು ಗೋಡೆಗಿಟ್ಟು, ಬಿರುಕಿಗೆಂದು ಕಲಸಿಟ್ಟಿದ್ದ ಗಾರೆಯನ್ನು ನಾಲ್ಕೂ ಅಂಚಿಗೆ ಮೆತ್ತಿದ. ಕೂಸಿಗೆ ಎಣ್ಣೆ ಹಚ್ಚುವವನ ಹಾಗೆ ಕರಣೆಯಿಂದ ಮೆಲ್ಲಗೆ ಸವರಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ಇನ್ನು ನೂರು ವರ್ಸ ಆದ್ರೂ ಬೀಳಾಕಿಲ್ಲ ಬುಡು" ಎಂದು, ಬಿಂದಿಗೆ ಬಗ್ಗಿಸಿ ಗಾರೆಗೆ ನೀರು ಕುಡಿಸತೊಡಗಿದ.