ಎದುರಿಗೆ ಬಂದ ಜೋಡಿ ದೀಪ

ನನ್ನ ಹೆದರಿಕೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಲ್ಲೆ. ಧಾನ್ಯದ ಗೋದಾಮು, ಅದರ ಪಕ್ಕದ ರೈಲು ಹಳಿ, ಅಲ್ಲಿಂದ ಮುಂದೆ ಗೆರೆ ಎಳೆದಂತೆ ನೆಟ್ಟಗೆ ಓಡುವ ಕೌಂಟಿ ರಸ್ತೆ, ಆ ರಸ್ತೆಯ ಎಡಗಡೆ ಕ್ವಾಮ್ ಕುಟುಂಬದ ಮನೆಯ ಅಂಚೆ ಪೆಟ್ಟಿಗೆ. ಆರು ವರ್ಷದ ಲಿನೇಯಾ ಅಲ್ಲಿ ನಿಂತಿರುತ್ತಾಳೆ. ಅವಳು ರಸ್ತೆ ದಾಟಿ ಬಂದು ನನ್ನ ಬಸ್ಸು ಹತ್ತಬೇಕು. ಚಳಿಗಾಲದಲ್ಲಿ ಆ ಹೊತ್ತಿಗೆ ಇನ್ನೂ ಕಗ್ಗತ್ತಲು.

ಶಾಲೆಯ ಬಸ್ಸು ಓಡಿಸಿ ಓಡಿಸಿ ನನ್ನ ಸೊಂಟ ಹೋಗಿದೆ, ಬಾಯಿ ಮಾತ್ರ ಇನ್ನೂ ಗಟ್ಟಿಯಾಗಿದೆ. ಮಕ್ಕಳಿಗೆ ನನ್ನದು ಎರಡೇ ಪಾಠ. ನಾನು ಕೈ ಎತ್ತಿ ತೋರಿಸುವವರೆಗೆ ರಸ್ತೆಗೆ ಕಾಲಿಡಬಾರದು. ದಾಟುವಾಗ ಹಾರ್ನ್ ಕೇಳಿದರೆ ಏನೇ ಬಿದ್ದಿರಲಿ, ಬಂದ ಕಡೆಗೇ ವಾಪಸ್ಸು ಓಡಬೇಕು. ಲಿನೇಯಾ ಈ ಎರಡನ್ನೂ ಪ್ರಾರ್ಥನೆಯ ಹಾಗೆ ಕಲಿತಿದ್ದಳು.

ಅಕ್ಟೋಬರಿನ ಒಂದು ಬೆಳಿಗ್ಗೆ ನಾನು ನಿಲ್ಲಿಸಿ ಕೆಂಪು ದೀಪ ಹಾಕಿದ್ದೆ, ಬಸ್ಸಿನ ಪಕ್ಕದಿಂದ 'ನಿಲ್ಲಿ' ಫಲಕವೂ ಚಾಚಿಕೊಂಡಿತ್ತು. ಅದನ್ನು ಕಂಡರೆ ಎರಡೂ ಕಡೆಯ ಗಾಡಿಗಳು ನಿಲ್ಲಲೇಬೇಕು. ಎದುರಿನಿಂದ ಬಂದ ಜೋಡಿ ದೀಪ ನಿಲ್ಲಲಿಲ್ಲ, ನಿಧಾನವೂ ಆಗಲಿಲ್ಲ. ಪಕ್ಕದಲ್ಲಿ ಸೊಂಯ್ಯೆಂದು ಹೋಗಿಯೇಬಿಟ್ಟಿತು. ನಾನು ಇನ್ನೂ ಕೈ ಎತ್ತಿರಲಿಲ್ಲ, ಹಾಗಾಗಿ ಹುಡುಗಿ ಉಳಿದಳು. ಕಣ್ಣು ಕುಕ್ಕುವ ಬೆಳಕಿನ ಹಿಂದೆ ಯಾವ ಗಾಡಿ, ಯಾವ ಬಣ್ಣ, ಯಾವ ಮೂದೇವಿ ಎಂದು ಒಂದೂ ಕಾಣಲಿಲ್ಲ. ಮುಂದಿನ ವಾರ ಮತ್ತೊಮ್ಮೆ ಹಾಗೇ ಆಯಿತು.

ಲಿನೇಯಾಳ ತಾಯಿ ಜೊಲೀನ್ ಟರ್ಕಿ ಕೋಳಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಗಂಡ ಬಿಟ್ಟು ಹೋದ ಮೇಲೆ ಮನೆಯಲ್ಲಿ ಅವಳು, ಮಗಳು, ಊರುಗೋಲು ಹಿಡಿದ ಅತ್ತೆ ಆಡ್ರಿ. ಬೆಳಿಗ್ಗೆ ಮಗುವನ್ನು ತಯಾರು ಮಾಡಿ ಕಳಿಸುವುದು ಆಡ್ರಿ. ಜೊಲೀನ್ ಮನೆ ಮುಟ್ಟುವಷ್ಟರಲ್ಲಿ ನಾನು ಹುಡುಗಿಯನ್ನು ಹತ್ತಿಸಿಕೊಂಡು ಹೋಗಿರುತ್ತೇನೆ. ಒಂದು ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತ ನಾನೇ ಅವಳಿಗೆ ವಿಷಯ ಹೇಳಿದೆ. ಅವಳು ಕಾಫಿ ಕಪ್ಪನ್ನು ಪಕ್ಕಕ್ಕಿಟ್ಟಳು.

"ಅವನ ಕಣ್ಣೇನು ಹಿಂಗಿಹೋಗಿದ್ಯಾ? ಇಷ್ಟು ದೊಡ್ಡ ಹಳದಿ ಬಸ್ಸು ಕಾಣಲ್ವಾ?"

"ಕುಡಿದಿರ್ತಾನೆ. ಇಲ್ಲಾ ಫೋನ್ ನೋಡ್ತಿರ್ತಾನೆ. ನಿಂಗೆ ದಾರೀಲಿ ಯಾರಾದ್ರೂ ಸಿಕ್ತಾರೇನೇ, ವಾಪಸ್ಸು ಬರೋವಾಗ?"

"ನಂಗೆ ನನ್ನ ಮನೇನೇ ಸಿಗಲ್ಲ ಮಾರ್ಲಿಸ್!" ಎಂದು ನಕ್ಕಳು. "ಎಷ್ಟೋ ದಿನ ಮನೆ ದಾಟ್ಕೊಂಡು ಗೋದಾಮಿನ ತನಕ ಹೋಗ್ಬಿಟ್ಟಿರ್ತೀನಿ. ರೈಲು ಹಳಿ ಕಂಡಾಗ್ಲೇ, ಅಯ್ಯೋ, ಮನೆ ಹಿಂದೆ ಉಳೀತಲ್ಲ ಅಂತ ತಿರುಗಿಸ್ಕೊಂಡು ಬರೋದು."

"ಆ ಕೋಳಿಗಳ ಜೊತೆ ನಿನ್ನ ತಲೇನೂ ಕೊಯ್ದು ಡಬ್ಬಕ್ಕೆ ಹಾಕಿರ್ಬೇಕು ನೋಡು," ಎಂದೆ ನಾನು. ಇಬ್ಬರೂ ಜೋರಾಗಿ ನಕ್ಕೆವು. ದೇವರೇ, ಆಗ ನಾನು ನಕ್ಕೆನಲ್ಲ.

ಬಸ್ಸುಗಳಿಗೆ ಕ್ಯಾಮರಾ ಹಾಕಿಸಲೇಬೇಕೆಂದು ಹಟ ಹಿಡಿದವಳು ಜೊಲೀನ್. ಶಾಲಾ ಮಂಡಳಿಯ ಸಭೆಗೆ ಕಾರ್ಖಾನೆಯ ಬಿಳಿ ಅಂಗಿಯಲ್ಲೇ ಬಂದಳು. ಹಿಂದಿನ ಸಾಲಿನ ಮುದುಕನೊಬ್ಬ, "ಇವತ್ತು ಬಸ್ಸಿಗೆ ಕ್ಯಾಮರಾ, ನಾಳೆ ನಮ್ಮ ಬಚ್ಚಲಿಗೆ," ಎಂದು ಗೊಣಗಿದ.

"ನಿಮ್ಮ ಬಚ್ಚಲಲ್ಲಿ ನೋಡೋಕೆ ಏನಿದೆ ಅಜ್ಜಾ?" ಎಂದಳು ಅವಳು. ಸಭೆಯೆಲ್ಲ ನಕ್ಕಿತು. ಅವಳು ನಗಲಿಲ್ಲ. "ನನ್ನ ಮಗೂನ ಸಾಯ್ಸೋಕೆ ಹೊರಟಿರೋನ ಮುಖ ನಾನು ನೋಡ್ಬೇಕು. ನಂಗೆ ಬೇಕಾಗಿರೋದು ಅಷ್ಟೇ."

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ನನ್ನ ಬಸ್ಸಿನ ಎಡಮಗ್ಗುಲಿಗೆ ಕ್ಯಾಮರಾ ಬಂತು. ಫಲಕ ಚಾಚಿರುವಾಗ ದಾಟಿಹೋದ ಗಾಡಿಯ ನಂಬರು ಹಿಂದಿನಿಂದ ಅದರಲ್ಲಿ ದಾಖಲಾಗುತ್ತದೆ, ಆ ವಿಡಿಯೊ ತುಣುಕನ್ನು ಕೌಂಟಿಯ ಪೊಲೀಸರು, ಅಂದರೆ ಶೆರಿಫ್ ಕಚೇರಿಯವರು, ನೋಡುತ್ತಾರೆ. ಎಲ್ಲರಿಗೂ ಸಮಾಧಾನವಾಯಿತು. ನನಗೆ ಮಾತ್ರ ಆಗಲಿಲ್ಲ. ಕ್ಯಾಮರಾ ಚಿತ್ರ ತೆಗೆಯುತ್ತದೆಯೇ ಹೊರತು ಗಾಡಿಗೆ ಅಡ್ಡ ನಿಲ್ಲುವುದಿಲ್ಲ. ಆ ಅಂಚೆ ಪೆಟ್ಟಿಗೆ ಹತ್ತಿರವಾಗುತ್ತಿದ್ದಂತೆ ನಾನು ವೇಗ ಇಳಿಸಿ ಎದುರಿನ ಕತ್ತಲನ್ನೇ ನೋಡುತ್ತಿದ್ದೆ. ಹಿಂದೆ ಕೂತ ಮಕ್ಕಳಿಗೂ ಗೊತ್ತಾಗುತ್ತಿತ್ತೋ ಏನೋ, ಅಲ್ಲಿ ಗಲಾಟೆ ತಾನಾಗಿ ಇಳಿಯುತ್ತಿತ್ತು.

ಡಿಸೆಂಬರಿನಲ್ಲಿ, ಹಿಮ ಬಿದ್ದು ರಸ್ತೆ ಗಾಜಿನಂತೆ ಜಾರುತ್ತಿದ್ದ ದಿನ, ನಾನು ಎಂದಿನಂತೆ ನಿಲ್ಲಿಸಿದೆ. ಎದುರಿಗೆ ದೂರದಲ್ಲಿ ದೀಪಗಳಿದ್ದವು. ಕಾದೆ. ಅವು ನಿಧಾನವಾದಂತೆ ಕಂಡವು, ನಿಜವಾಗಿಯೂ ಹಾಗೇ ಕಂಡವು. ಕೈ ಎತ್ತಿದೆ. ಲಿನೇಯಾ ಕೆಂಪು ಟೋಪಿ ಹಾಕಿಕೊಂಡು, ಊಟದ ಡಬ್ಬಿ ಆಡಿಸುತ್ತ ರಸ್ತೆಗಿಳಿದಳು. ಅವಳು ಎದುರಿನಿಂದ ಬರುವ ಗಾಡಿಗಳ ಪಥದ ನಡುವೆ ಬಂದಿದ್ದಳು, ಆಗ ತಿಳಿಯಿತು, ಆ ದೀಪಗಳು ನಿಲ್ಲುವುದಿಲ್ಲ ಎಂದು.

ನಾನು ಎರಡೂ ಕೈಯಿಂದ ಹಾರ್ನ್ ಒತ್ತಿ ಹಿಡಿದೆ. ಏನೋ ಕಿರುಚಿದೆ, ಏನೆಂದು ಗೊತ್ತಿಲ್ಲ. ಹುಡುಗಿ ತಿರುಗಿದಳು, ಜಾರಿದಳು, ಮಂಡಿಯೂರಿ ಎದ್ದು ಹಾರಿದಳು. ಅಷ್ಟರಲ್ಲಿ ಬೆಳಕು ನಮ್ಮ ಮೇಲೆಲ್ಲ ಹರಿದು ಹಿಂದಕ್ಕೆ ಹೋಯಿತು. ಊಟದ ಡಬ್ಬಿ ಪಟ್ ಎಂದ ಸದ್ದು ಕೇಳಿಸಿತು. ಹುಡುಗಿ ಎಲ್ಲೂ ಕಾಣಲಿಲ್ಲ. ಆ ಕ್ಷಣ ನಾನು ಸತ್ತೇ ಹೋಗಿದ್ದೆ ಎಂದರೆ ಸುಳ್ಳಲ್ಲ.

ಆಮೇಲೆ ಅಂಚೆ ಪೆಟ್ಟಿಗೆಯ ಬುಡದ ಹಿಮದ ರಾಶಿಯಿಂದ ಕೆಂಪು ಟೋಪಿ ಮೇಲೆದ್ದಿತು. "ಮಿಸ್ ಮಾರ್ಲಿಸ್, ನಾನು ವಾಪಸ್ಸು ಓಡ್ದೆ!" ಎಂದು ಅಲ್ಲಿಂದಲೇ ಕೂಗಿದಳು. "ನನ್ನ ಸ್ಯಾಂಡ್‌ವಿಚ್ ಅಪ್ಪಚ್ಚಿ ಆಯ್ತು!"

ಮರುದಿನ ಶೆರಿಫ್ ಕಚೇರಿಯ ಡೆಪ್ಯುಟಿ ವರ್ನನ್ ನನ್ನನ್ನು ಕಚೇರಿಗೆ ಕರೆದ. ಅವನು ಚಿಕ್ಕವನಿದ್ದಾಗ ನನ್ನ ಬಸ್ಸಿನಲ್ಲೇ ಮೂಗು ಸುರಿಸುತ್ತ ಹೋದವನು. ತುಣುಕು ಈಗಷ್ಟೇ ಬಂದಿದೆ, ನಾವು ಜೊತೆಗೇ ನೋಡಿ ಇದೇ ಗಾಡಿ ಎಂದು ನಾನು ಹೇಳಬೇಕು ಎಂದ. ಜೊಲೀನ್ ನನಗಿಂತ ಮೊದಲೇ ಬಂದು ಕೂತಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದವಳ ಕಣ್ಣು ಕೆಂಪಗಿದ್ದವು, ನಿದ್ದೆಗೆಟ್ಟೋ ಅತ್ತೋ.

"ನೀನು ಹೊರಗೆ ಕೂತಿರು ಜೊಲೀನ್. ನೀನು ನೋಡೋ ಅಂಥದ್ದಲ್ಲ ಇದು," ಎಂದ ವರ್ನನ್.

"ನೋಡೇ ನೋಡ್ತೀನಿ. ಹಾಕೋ."

ಹಾಕಿದ. ಕಪ್ಪುಬಿಳುಪು ಚಿತ್ರ. ಮಗು ರಸ್ತೆಗಿಳಿಯಿತು. ದೀಪಗಳು ಬಂದವು. ಮಗು ಜಾರಿ ಎದ್ದು ಹಾರಿದ ಜಾಗಕ್ಕೂ ಗಾಡಿಯ ಮೂತಿಗೂ ನಡುವೆ ಒಂದು ಗೇಣು ಕೂಡ ಇರಲಿಲ್ಲ. ಬಸ್ಸಿನಲ್ಲಿ ಕೂತು ನನಗೆ ಅದು ತಿಳಿದಿರಲಿಲ್ಲ. ಜೊಲೀನ್ ನನ್ನ ತೋಳು ಹಿಡಿದಳು, ಉಗುರು ಊರಿತು. "ಅಯ್ಯೋ ನನ್ನ ಕಂದಾ," ಎಂದಳು. ಆಮೇಲೆ ಗಾಡಿಯ ಹಿಂಭಾಗ ಬಂತು. ವರ್ನನ್ ಅಲ್ಲಿಗೆ ನಿಲ್ಲಿಸಿ ದೊಡ್ಡದು ಮಾಡಿದ. ನಂಬರು, ಅದರ ಮೇಲೆ ಒಡೆದ ಹಿಂಬದಿಯ ದೀಪ, ದೀಪಕ್ಕೆ ಅಂಟಿಸಿದ ಟೇಪು. ಟೇಪನ್ನು ಯಾರೋ ಹೂವಿನ ಆಕಾರದಲ್ಲಿ ಕತ್ತರಿಸಿ ಅಂಟಿಸಿದ್ದರು.

ನನ್ನ ತೋಳು ಹಿಡಿದಿದ್ದ ಕೈ ಸಡಿಲವಾಯಿತು.

"ಇನ್ನೊಂದ್ಸಲ ಹಾಕು," ಎಂದಳು ಜೊಲೀನ್.

"ಬೇಡ ಜೊಲೀನ್."

"ಹಾಕು ಅಂದ್ನಲ್ಲ!"

ಅವನು ಹಾಕಲಿಲ್ಲ. ಅವನೂ ನಂಬರು ಓದಿದ್ದ, ಪಕ್ಕದ ಪರದೆಯಲ್ಲಿ ಬಂದ ಹೆಸರನ್ನೂ ಓದಿದ್ದ.

"ಆ ಹೂವು ಲಿನೇಯಾ ಕತ್ತರಿಸಿದ್ದು," ಎಂದಳು ಜೊಲೀನ್. ದನಿ ತೀರಾ ಸಣ್ಣಗಿತ್ತು. "ಬೇಸಿಗೇಲಿ. ನಮ್ಮ ಕಾರಿಗೆ ನೋವಾಗಿದೆ ಅಂತ."

ವರ್ನನ್ ಪರದೆ ಆರಿಸಿದ.

"ಆದ್ರೆ ನಾನು ನೋಡ್ಲಿಲ್ಲ. ಮಾರ್ಲಿಸ್, ನಾನು ಬಸ್ಸೇ ನೋಡ್ಲಿಲ್ಲ ಕಣೇ. ನಿನ್ನೆ... ನಿನ್ನೆ ರೈಲಿನ ಹಾರ್ನ್ ಕೇಳಿ ಬೆಚ್ಚಿಬಿದ್ದೆ. ಹಳಿ ಹತ್ರ ಬಂದ್ಬಿಟ್ಟಿದ್ದೀನಿ ಅಂದ್ಕೊಂಡು ಬ್ರೇಕ್ ಒತ್ದೆ. ಹಳಿ ಇನ್ನೂ ದೂರ ಇತ್ತು. ರೈಲೂ ಇರ್ಲಿಲ್ಲ. ಸದ್ಯ, ಬದುಕ್ದೆ ಅಂತ ಗೋದಾಮಿನ ತನಕ ಹೋಗಿ ತಿರುಗಿಸ್ಕೊಂಡು ಮನೆಗೆ ಹೋಗಿ ಮಲಗ್ದೆ." ಅವಳು ನನ್ನ ಮುಖ ನೋಡಿದಳು. "ಅದು ನಿನ್ನ ಹಾರ್ನಾ?"

ನಾನು ಹೌದೆಂದು ತಲೆಯಾಡಿಸಿದೆ. ಚರ್ಚಿನಲ್ಲಿ ಕಾಫಿ ಕುಡಿಯುತ್ತ ಅವಳು ಹೇಳಿದ್ದಳಲ್ಲ, ಮನೆ ದಾಟಿ ಹೋಗಿಬಿಡುತ್ತೇನೆ ಎಂದು! ಕೋಳಿ ತಲೆ ಎಂದು ಹಾಸ್ಯ ಮಾಡಿ ಹೊಟ್ಟೆ ಹಿಡಿದು ನಕ್ಕಿದ್ದೆ. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತ ಅವಳು ಎಷ್ಟು ಬೆಳಿಗ್ಗೆ ಆ ರಸ್ತೆಯಲ್ಲಿ ತೇಲಿ ಬಂದಿದ್ದಳೋ.

ಜೊಲೀನ್ ಕಾರಿನ ಕೀಲಿ ತೆಗೆದು ವರ್ನನ್ ಮುಂದೆ ಇಟ್ಟಳು. ಅದನ್ನು ಮುಟ್ಟಲು ಕೂಡ ಹೆದರಿದವಳಂತೆ ಬೆರಳ ತುದಿಯಿಂದ ದೂರ ತಳ್ಳಿದಳು. ನಾನು ಅವಳನ್ನು ನನ್ನ ಗಾಡಿಯಲ್ಲಿ ಮನೆಗೆ ಬಿಟ್ಟೆ. ದಾರಿಯುದ್ದಕ್ಕೂ ಅವಳು ಕಣ್ಣು ಮುಚ್ಚಲಿಲ್ಲ, ಎವೆ ಕೂಡ ಬಡಿಯಲಿಲ್ಲ.

ಮರುದಿನ ಬೆಳಿಗ್ಗೆ ಅಂಚೆ ಪೆಟ್ಟಿಗೆಯ ಬಳಿ ಇಬ್ಬರಿದ್ದರು. ಜೊಲೀನ್ ಕೆಲಸಕ್ಕೆ ಹೋಗಿರಲಿಲ್ಲ. ಮಗಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಿದ್ದಳು. ನಾನು ದೀಪ ಹಾಕಿ, ಫಲಕ ಚಾಚಿ, ಕಿಟಕಿ ತೆರೆದೆ.

"ಮಿಸ್ ಮಾರ್ಲಿಸ್, ಆ ಕೆಟ್ಟ ಕಾರು ಸಿಕ್ತಾ?" ಎಂದು ಲಿನೇಯಾ ಕೂಗಿದಳು.

ನಾನು ಜೊಲೀನಳತ್ತ ನೋಡಿದೆ.

"ಸಿಕ್ತು ಪುಟ್ಟಾ," ಎಂದೆ.

"ಅಮ್ಮ ಹೇಳಿದ್ಲು, ಅವನು ಸಿಕ್ರೆ ಬಿಡಲ್ಲ ಅಂತ. ಅಮ್ಮಾ, ಇನ್ನು ಬಿಡಲ್ಲ ಅಲ್ವಾ?"

"ಬಿಡಲ್ಲ," ಎಂದಳು ಜೊಲೀನ್.

ರಸ್ತೆ ಎರಡೂ ಕಡೆ ಖಾಲಿಯಿತ್ತು, ಕಣ್ಣು ಹಾಯುವಷ್ಟು ದೂರ ಒಂದು ಬೆಳಕೂ ಇರಲಿಲ್ಲ. ಮತ್ತೆ ಮತ್ತೆ ನೋಡಿದೆ. ಆಮೇಲೆ ಕೈ ಎತ್ತಿದೆ. ಲಿನೇಯಾ ಹೆಜ್ಜೆ ಇಟ್ಟಳು, ಜೊಲೀನಳ ಕಾಲು ಮೇಲೇಳಲಿಲ್ಲ. ಅವಳು ಕತ್ತಲಲ್ಲಿ ಎದುರಿನ ದಾರಿಯನ್ನೇ ನೋಡುತ್ತಿದ್ದಳು, ಅಲ್ಲಿಂದ ಯಾವ ಕ್ಷಣದಲ್ಲಾದರೂ ತಾನೇ ಬಂದುಬಿಡಬಹುದು ಎಂಬಂತೆ.

"ಬಾ ಅಮ್ಮಾ," ಎಂದು ಹುಡುಗಿ ಎಳೆದಳು. "ಹೆದರ್ಬೇಡ. ಅವರು ಕೈ ಎತ್ತಿದಾರೆ."

ನಾನು ಕೈ ಇಳಿಸದೆ ಕಾದೆ.