ಕ್ಲಾರೆನ್ಸ್ ಪೊರ್ಬುಗಳು ರಿವರ್ಸಲ್ಲಿ ತೆಗೆದ ರಸ್ತೆ

ಕ್ಲಾರೆನ್ಸ್ ಪೊರ್ಬುಗಳ ಅರ್ಬಾಬ್ ಡಿಸೆಂಬರ್ ರಜೆಗೆ ಹಿಮ ಬೀಳುವ ದೇಶಕ್ಕೆ ಹೋಗದೆ ಇದ್ದಿದ್ದರೆ ಅಲ್ ಕೂಜಿನ ನನ್ನ ಗ್ಯಾರೇಜಿಗೆ ಆ ಪೆಟ್ಟಿಗೆ ಬರ್ತಿರಲಿಲ್ಲ. ಅರ್ಬಾಬ್ ಅಂದರೆ ಇಲ್ಲಿಯ ಅರಬ್ಬಿಯಲ್ಲಿ ಧಣಿ. ಒಳ್ಳೆ ಜನ. ಹೋದ ದೇಶದಿಂದ ಎಲ್ಲರೂ ಚಾಕಲೇಟ್ ತರ್ತಾರೆ, ಇವರು ಮೆಷಿನ್ ತರ್ತಾರೆ. ಹಿಂದಿನ ವರ್ಷ ಎಲ್ಲಿಂದಲೋ ಚೆರ್ರಿ ಹಣ್ಣು ಉದುರಿಸುವ ಮೆಷಿನ್ ತಂದು ಖರ್ಜೂರದ ಮರಕ್ಕೆ ಕಟ್ಟಿಸಿದ್ದರು. ಖರ್ಜೂರ ಒಂದೂ ಉದುರಲಿಲ್ಲ. ಮರ ನಡುಗುದು ನಿಲ್ಲಲಿಕ್ಕೆ ಮಾತ್ರ ಎರಡು ವಾರ ಹಿಡಿಯಿತು.

ಈ ಸಲ ಅವರು ಇಳಿದುಕೊಂಡ ಹೋಟೆಲಿಗೆ ಉದ್ದದ ಖಾಸಗಿ ರಸ್ತೆ ಇತ್ತಂತೆ. ಬೆಳಿಗ್ಗೆ ಎದ್ದು ನೋಡಿದರೆ ರಸ್ತೆ ಇಲ್ಲ, ಬರೀ ಹಿಮ. ಕಾಫಿ ಕುಡಿದು ನೋಡಿದರೆ ರಸ್ತೆ ಉಂಟು. ನಡುವೆ ಒಂದು ಟ್ರ್ಯಾಕ್ಟರ್ ಬಂದು ಹಿಮವನ್ನೆಲ್ಲ ಪಕ್ಕಕ್ಕೆ ಉಗುಳಿ ಹೋಗಿತ್ತು. ಅರ್ಬಾಬಿಗೆ ಕೂಡಲೇ ಮರುಭೂಮಿಯಲ್ಲಿ ಲಹ್ಬಾಬಿನ ಆಚೆ ಇರುವ, ಪೊರ್ಬುಗಳು ನೋಡಿಕೊಳ್ಳುವ ತನ್ನ ತೋಟ ನೆನಪಾಯಿತು. ಹೈವೇಯಿಂದ ಆ ತೋಟಕ್ಕೆ ನಾಲ್ಕು ಕಿಲೋಮೀಟರ್ ಡಾಮರು ರಸ್ತೆ, ಪೂರ್ತಿ ಅವರ ಸ್ವಂತದ್ದು. ಅದು ಒಂದು ವಾರ ಕಾಣಿಸಿದರೆ ಮತ್ತೊಂದು ವಾರ ಮರಳಿನಡಿ ಮಲಗಿರ್ತದೆ.

"ಹಿಮ ಬಿಳಿ, ಮರಳು ಕೆಂಪು. ಅಷ್ಟೇ ವ್ಯತ್ಯಾಸ" ಅಂತ ಅರ್ಬಾಬ್ ಅಲ್ಲಿಂದಲೇ ಪೊರ್ಬುಗಳಿಗೆ ಫೋನ್ ಮಾಡಿ ಹೇಳಿದರಂತೆ.

ಮೆಷಿನ್ ಹಡಗಿನಲ್ಲಿ ಬಂದು ಮುಟ್ಟುವಾಗ ಈಸ್ಟರ್ ಕಳೆದಿತ್ತು. ಪೆಟ್ಟಿಗೆ ಬಿಚ್ಚಿದೆವು. ಚಕ್ಕುಲಿಯ ಹಾಗೆ ಸುತ್ತಿಕೊಂಡ ಆಳೆತ್ತರದ ಸ್ಕ್ರೂ, ಅದರ ಬೆನ್ನಿಗೆ ಫ್ಯಾನ್, ಮೇಲೆ ಹಂಸದ ಕುತ್ತಿಗೆಯ ಹಾಗೆ ಬಗ್ಗಿದ ಕೊಳವೆ. ಸ್ಕ್ರೂ ಒಳಗೆ ಎಳೆಯುದು, ಫ್ಯಾನ್ ಎಸೆಯುದು, ಕೊಳವೆ ಯಾವ ಕಡೆ ಉಂಟೋ ಆ ಕಡೆ ಬೀಳುದು. ಮೆಷಿನಿನ ಜೊತೆ ಬಂದ ಪುಸ್ತಕದಲ್ಲಿ ಉಣ್ಣೆ ಟೊಪ್ಪಿ ಹಾಕಿದ ಒಬ್ಬ ಗಂಡಸು ನಗುತ್ತಾ ಕೂತಿದ್ದ.

"ಇದನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಬೇಕಲ್ಲ ಪೊರ್ಬುಗಳೇ. ಅಂದರೆ ಕೆಲಸ ಪೂರಾ ರಿವರ್ಸಲ್ಲಿ" ಅಂದೆ.

"ನಾಲ್ಕು ಕಿಲೋಮೀಟರಾ?"

"ನಾಲ್ಕು ಕಿಲೋಮೀಟರ್."

ಪೊರ್ಬುಗಳು ಸ್ವಲ್ಪ ಹೊತ್ತು ಕುತ್ತಿಗೆ ಉಜ್ಜಿಕೊಂಡರು. ಆಮೇಲೆ, "ಪರವಾಗಿಲ್ಲ ಜಯಪಾಲಣ್ಣ. ಶುಕ್ರವಾರದ ಒಳಗೆ ಕಟ್ಟಿಕೊಡಿ. ಶನಿವಾರ ಲವಿನಾಳ ರೋಸ್" ಅಂದರು.

ಲವಿನಾ ಅವರ ಮಗಳು. ಮದುವೆಯ ಮುಂಚಿನ ದಿನ ಮದುಮಗಳನ್ನು ಕೂರಿಸಿ, ನೆಂಟರೆಲ್ಲ ಸರದಿಯಲ್ಲಿ ತಲೆಗೆ ತೆಂಗಿನಹಾಲು ಹೊಯ್ದು ಎಣ್ಣೆ ಹಚ್ಚುದು ನಮ್ಮ ಕಡೆಯ ಕ್ರಿಸ್ತಿಯನ್ನರ ಪದ್ಧತಿ. ಅದೇ ರೋಸ್. ಅಂಗಳ ಇದ್ದರೆ ಚಂದದ ಕೆಲಸ. ಅಲ್ ಕುಸೈಸಿನ ಅವರ ಮೂರನೇ ಮಾಳಿಗೆಯ ಫ್ಲ್ಯಾಟಲ್ಲಿ ಮಾಡಿದರೆ ತೆಂಗಿನಹಾಲು ಎರಡನೇ ಮಾಳಿಗೆಯವರ ಫ್ಯಾನಿನಿಂದ ತೊಟ್ಟಿಕ್ಕುತ್ತದೆ. ಹೀಗೆ ಒಮ್ಮೆ ಆಗಿ, ಕಟ್ಟಡದ ನಾತೂರ್, ಅಂದರೆ ವಾಚ್‌ಮ್ಯಾನ್, ಈಗ ಯಾರ ಕೈಯಲ್ಲಿ ತೆಂಗಿನಕಾಯಿ ಕಂಡರೂ ಲಿಫ್ಟಿನ ಬಾಗಿಲಿಗೆ ಅಡ್ಡ ನಿಲ್ತಾನೆ.

"ತೋಟದಲ್ಲಿ ಮಾಡ್ತೇನೆ ಅಂತ ಎಲ್ಲರಿಗೂ ಹೇಳಿಯಾಗಿದೆ. ಅರ್ಬಾಬೂ ಒಪ್ಪಿದ್ದಾರೆ. ಬಸ್ಸಿಗೂ ಹೇಳಿಯಾಯಿತು. ಮಾರ್ಟಿನಕ್ಕನೂ ಬರ್ತಾಳೆ" ಅಂದರು ಪೊರ್ಬುಗಳು. ಕೊನೆಯ ಮಾತು ಹೇಳುವಾಗ ಸ್ವರ ಇಳಿಯಿತು.

ಮಾರ್ಟಿನಕ್ಕ ಅಂದರೆ ಪೊರ್ಬುಗಳ ಹೆಂಡತಿ ಉರ್ಸುಲಕ್ಕನ ಅಕ್ಕ. ಮುರಕ್ಕಬಾತಿನಲ್ಲಿ ಇರುದು. ತಂಗಿಯ ಗಂಡ ಒಂದು ತೋಟದ ಮೇನೇಜರ್ ಅಂತ ಆಕೆ ಹತ್ತೊಂಬತ್ತು ವರ್ಷದಿಂದ ನಂಬಿದವಳಲ್ಲ. ಮರುಭೂಮಿಯಲ್ಲಿ ಎಂತ ತೋಟ, ಅದಕ್ಕೆ ಎಂತ ಮೇನೇಜರ್, ಯಾರದ್ದೋ ಒಂಟೆಗೆ ಹುಲ್ಲು ಹಾಕ್ತಿರಬೇಕು, ಇದು ಆಕೆಯ ಲೆಕ್ಕ. ಎರಡು ಸಲ ನೋಡಲಿಕ್ಕೆ ಅಂತ ಹೊರಟದ್ದೂ ಉಂಟು. ಎರಡು ಸಲವೂ ರಸ್ತೆ ಮರಳಿನಡಿ ಇತ್ತು. ಹೈವೇಯಲ್ಲಿ ಕಾರು ನಿಲ್ಲಿಸಿ, ದಿಬ್ಬ ನೋಡಿ, "ಚಂದ ಉಂಟು ನಿನ್ನ ಗಂಡನ ತೋಟ" ಅಂತ ತಂಗಿಗೆ ಹೇಳಿ ವಾಪಸ್ ಹೋಗಿದ್ದಳು.

"ಈ ಸಲವೂ ರಸ್ತೆ ಇಲ್ಲದಿದ್ದರೆ ಅಕ್ಕ ರೋಸನ್ನು ತನ್ನ ಫ್ಲ್ಯಾಟಲ್ಲೇ ಮಾಡುದಂತೆ. ಮತ್ತೆ ಮಗಳ ಮದುವೆಯಲ್ಲಿ ನಾನು ಒಂಟೆಗೆ ಹುಲ್ಲು ಹಾಕುವವನಾಗಿಯೇ ನಿಲ್ಲಬೇಕು" ಅಂದರು ಪೊರ್ಬುಗಳು.

ನಾನು ಗುರುವಾರವೇ ಟ್ರ್ಯಾಕ್ಟರಿಗೆ ಕಟ್ಟಿ ತೋಟಕ್ಕೆ ಕಳಿಸಿಕೊಟ್ಟೆ.

ಶುಕ್ರವಾರ ಪಿಕಪ್‌ನಲ್ಲಿ ತೆಂಗಿನಕಾಯಿ ತುಂಬಿ ಪೊರ್ಬುಗಳು, ಉರ್ಸುಲಕ್ಕ, ಲವಿನಾ, ನಾನು ಎಲ್ಲರೂ ತೋಟಕ್ಕೆ ಹೋದೆವು. ರಸ್ತೆಯ ಮೇಲೆ ಅಲ್ಲಲ್ಲಿ ಸೊಂಟದಷ್ಟು ಮರಳು, ಪಿಕಪ್ ಎರಡು ಸಲ ಹೂತು ಮೂರು ಸಲ ಎದ್ದಿತು. ಮುಟ್ಟಿದ ಕೂಡಲೇ ಪೊರ್ಬುಗಳು ಟ್ರ್ಯಾಕ್ಟರ್ ಹತ್ತಿದರು, ನಾನು ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತು ಕೊಳವೆ ತಿರುಗಿಸುವ ಹ್ಯಾಂಡಲ್ ಹಿಡಿದೆ.

"ಕೊಳವೆ ಯಾವ ಕಡೆಗೆ?"

"ಎಂತ ಕೇಳುದು ಮಾರಾಯ್ರೆ? ಪಡುವಿಗೆ."

ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಾವು ಕರಾವಳಿಯವರು. ತೋಡಿನ ಕೆಸರಾಗಲಿ, ಮನೆ ಕೆಡವಿದ ಮಣ್ಣಾಗಲಿ, ಬೇಡದ್ದನ್ನು ಪಡುವಿಗೆ ದೂಡುದು ಹುಟ್ಟಿನಿಂದ ಬಂದದ್ದು. ಪಡುವಿಗೆ ಸಮುದ್ರ ಉಂಟು, ಅದು ನೋಡಿಕೊಳ್ತದೆ. ಲಹ್ಬಾಬಿನಲ್ಲಿ ಪಡುವಿಗೆ ಎಂತ ಉಂಟು ಅಂತ ಇಬ್ಬರೂ ತಲೆ ಎತ್ತಿ ನೋಡಲಿಲ್ಲ.

ಮೆಷಿನ್ ಸ್ಟಾರ್ಟ್ ಆಯಿತು. ಮಾರಾಯ್ರೆ, ಮರಳು ಹೋದ ಹೋಗುವಿಕೆ! ಕಾಮನಬಿಲ್ಲಿನ ಹಾಗೆ ಬಗ್ಗಿ ದೂರದ ದಿಬ್ಬಕ್ಕೆ ಹೋಗಿ ಬೀಳ್ತಿತ್ತು. ಅದರ ಕೆಳಗಿನಿಂದ ಹಾರಿಹೋದ ಒಂದು ಪಾರಿವಾಳ ಆಚೆಯಿಂದ ನಡೆದುಕೊಂಡು ಬಂತು. ಟ್ರ್ಯಾಕ್ಟರ್ ಹೊರಡುವಾಗ ಹಸಿರು ಬಣ್ಣ, ಹೈವೇ ಮುಟ್ಟುವಾಗ ಬರೀ ಕಬ್ಬಿಣ. ಮರಳು ಉಜ್ಜಿ ಉಜ್ಜಿ ಬಣ್ಣ ಬಿಡಿ, ಕಂಪೆನಿಯ ಹೆಸರೂ ಹೋಗಿತ್ತು. ಹಿಂದೆ ರಸ್ತೆ ಮಾತ್ರ ದೋಸೆಕಲ್ಲಿನ ಹಾಗೆ ಕಪ್ಪಗೆ ಹೊಳೀತಿತ್ತು. ಪೊರ್ಬುಗಳು ಇಳಿದು, ಡಾಮರನ್ನು ಕೈಯಲ್ಲಿ ಮುಟ್ಟಿ ನೋಡಿದರು. ಕುತ್ತಿಗೆ ಮಾತ್ರ ಬಲಕ್ಕೆ ತಿರುಗಿದ್ದು ಹಾಗೇ ನಿಂತಿತ್ತು.

"ನೇರ ಮಾಡಿ ಪೊರ್ಬುಗಳೇ."

"ಬರುದಿಲ್ಲ. ಇರಲಿ, ನಾಳೆ ಹೇಗೂ ಬೇಕಾಗ್ತದೆ."

ಬೇಕಾಯಿತು. ಶನಿವಾರ ಮಧ್ಯಾಹ್ನ ಶಮಾಲ್ ಎದ್ದಿತು. ಅದು ವಾಯವ್ಯದ ಗಾಳಿ. ನಾವು ನಿನ್ನೆ ಪಡುವಿಗೆ ಎಸೆದ ಮರಳನ್ನು ಒಂದು ಕಣ ಬಿಡದೆ ಹೊತ್ತು ತಂದು ರಸ್ತೆಗೆ ಹಾಕಿತು. ಜೊತೆಗೆ ತನ್ನ ಕಡೆಯಿಂದಲೂ ಸ್ವಲ್ಪ ಸೇರಿಸಿತು. ನಾವು ಊಟ ಮಾಡಿ ಕೈ ತೊಳೆದು ಬರುವಾಗ ರಸ್ತೆ ಇಲ್ಲ.

ಆಗಲೇ ಫೋನ್ ಬಂತು. ಮಾರ್ಟಿನಕ್ಕ. ಸ್ಪೀಕರ್ ಹಾಕುವ ಅಗತ್ಯ ಇರಲಿಲ್ಲ.

"ಕ್ಲಾರೆನ್ಸ್, ನಾವು ಹೈವೇಯಲ್ಲಿ ಇದ್ದೇವೆ. ಬಸ್ಸಿನ ಡ್ರೈವರ್ ರಸ್ತೆ ಎಲ್ಲಿ ಅಂತ ಕೇಳ್ತಾನೆ. ನಾನು ಎಂತ ಹೇಳಲಿ? ಖಲಾಸ್ ಅಂತ ಹೇಳಲಾ?"

"ಹತ್ತು ನಿಮಿಷ ಅಕ್ಕ. ಸ್ವಲ್ಪ ಗುಡಿಸುದುಂಟು."

ಫೋನ್ ಇಟ್ಟು ಪೊರ್ಬುಗಳು ಟ್ರ್ಯಾಕ್ಟರಿನ ಕಡೆ ಓಡಿದರು. ನಾನು ಕೊಳವೆಯನ್ನು ಮತ್ತೆ ಪಡುವಿಗೆ ತಿರುಗಿಸಿದೆ. ಅಷ್ಟರಲ್ಲಿ ಉರ್ಸುಲಕ್ಕ ಜಗಲಿಗೆ ಬಂದು, ತೆಂಗಿನಕಾಯಿ ತೊಳೆದ ಒಂದು ಬಕೆಟ್ ನೀರನ್ನು ಅಭ್ಯಾಸದಂತೆ ಪಡುವಿಗೆ ಬೀಸಿ ಚೆಲ್ಲಿದರು. ನೀರು ಅಂಗಳದ ತನಕ ಹೋಗಿ, ಯೋಚನೆ ಮಾಡಿ, ಹಿಂದೆ ಬಂದು ಅವರ ಮುಖಕ್ಕೇ ಬಿತ್ತು. ಉರ್ಸುಲಕ್ಕ ಸೆರಗಲ್ಲಿ ಮುಖ ಒರೆಸಿಕೊಂಡು ನಮ್ಮ ಕೊಳವೆ ನೋಡಿದರು, ಪಡುವನ್ನು ನೋಡಿದರು.

"ಹೇ, ಬೆಪ್ಪುಗಳೇ! ಅದು ನಮ್ಮ ಮಲ್ಪೆ ಸಮುದ್ರವಾ? ಗಾಳಿ ಅಲ್ಲಿಂದಲೇ ಬರುದಲ್ವಾ? ಮೂಡಕ್ಕೆ ಎಸೆಯಿರಿ, ಮೂಡಕ್ಕೆ!"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪೊರ್ಬುಗಳಿಗೆ ನೋಡಲಿಕ್ಕೆ ಆಗುವ ಹಾಗೂ ಇರಲಿಲ್ಲ, ಕುತ್ತಿಗೆ ಇನ್ನೂ ಆಚೆ ಕಡೆಯೇ ಇತ್ತು. ನಾನು ಕೊಳವೆಯನ್ನು ಮೂಡಕ್ಕೆ ತಿರುಗಿಸಿದೆ.

ಮೂಡಕ್ಕೆ ಎಸೆದದ್ದು ವಾಪಸ್ ಬರಲಿಲ್ಲ. ಗಾಳಿಯೇ ಹಿಡಿದು ಮುಂದೆ ಒಯ್ದಿತು. ಆದರೆ ಪಡುವಿನಲ್ಲಿ ನಾವೇ ಕಟ್ಟಿದ ದಿಬ್ಬ ಇತ್ತಲ್ಲ, ಅದು ನಾವು ತೆಗೆದಷ್ಟೂ ಬೆನ್ನ ಹಿಂದೆ ಇಳಿದು ಬರ್ತಿತ್ತು. ಹೈವೇ ಮುಟ್ಟಿ ತಿರುಗಿ ನೋಡಿದರೆ ಬಂದ ದಾರಿ ಇಲ್ಲ. ಬಸ್ಸಿನ ಕಿಟಕಿಗಳಲ್ಲಿ ಪೂರ್ತಿ ನೆಂಟರು. ಬಾಗಿಲಲ್ಲಿ ರೇಷ್ಮೆ ಸೀರೆ ಉಟ್ಟು ಮಾರ್ಟಿನಕ್ಕ.

"ಇದಾ ರಸ್ತೆ?"

"ಬಸ್ಸು ಟ್ರ್ಯಾಕ್ಟರಿನ ಮೂತಿಗೆ ತಾಗಿಕೊಂಡೇ ಬರಲಿ ಅಕ್ಕ. ಒಂದು ಗಜ ಹಿಂದೆ ಬಿದ್ದರೆ ನಾನು ಜವಾಬ್ದಾರಿ ಅಲ್ಲ" ಅಂತ ಹೇಳಿ ಪೊರ್ಬುಗಳು ಟ್ರ್ಯಾಕ್ಟರನ್ನು ತಿರುಗಿಸಿ ಮೆಷಿನನ್ನು ತೋಟದ ಕಡೆ ಮಾಡಿದರು.

ಈಗ ನೀವು ಸ್ವಲ್ಪ ಅಂದಾಜು ಮಾಡಿ. ಟ್ರ್ಯಾಕ್ಟರ್ ಹೋಗುದು ರಿವರ್ಸಲ್ಲಿ. ಅಂದರೆ ಅದರ ಮೂತಿ ಬಸ್ಸಿನ ಕಡೆಗೆ. ಸೀಟಲ್ಲಿ ಕೂತ ಪೊರ್ಬುಗಳ ಎದೆಯೂ, ಸೆಟೆದ ಕುತ್ತಿಗೆಯ ಮೇಲಿನ ಒಂದು ಕಣ್ಣೂ ಬಸ್ಸಿನ ಕಡೆಗೆ. ಬಸ್ಸಿನ ಎದುರಿನ ಸೀಟಲ್ಲಿ, ಗಾಜಿಗೆ ಮೂಗು ತಾಗಿಸಿ ಮಾರ್ಟಿನಕ್ಕ. ನಾಲ್ಕು ಕಿಲೋಮೀಟರ್, ನಡೆದುಕೊಂಡು ಹೋಗುವಷ್ಟು ಸ್ಪೀಡಲ್ಲಿ, ಇಬ್ಬರೂ ಎದುರಾಬದುರು.

ಮಾತು ಕೇಳ್ತಿರಲಿಲ್ಲ, ತುಟಿ ಮಾತ್ರ ಕಾಣ್ತಿತ್ತು. ತುಟಿ ಒಂದು ಕ್ಷಣವೂ ನಿಲ್ಲಲಿಲ್ಲ.

"ಎಂತ ಹೇಳ್ತಿದ್ದಾಳೆ ಜಯಪಾಲಣ್ಣ?"

"ಜಪಸರ ಮಾಡ್ತಿದ್ದಾರೆ ಅಂತ ಕಾಣ್ತದೆ."

"ಜಪಸರಕ್ಕೆ ಬೆರಳು ತೋರಿಸುದುಂಟಾ?"

ಪೊರ್ಬುಗಳು ಕುತ್ತಿಗೆಯನ್ನು ದೇವರಿಗೆ ಒಪ್ಪಿಸಿ ಇನ್ನಷ್ಟು ಹಿಂದಕ್ಕೆ ತಿರುಗಿಸಿದರು. ಆ ಮುಖಕ್ಕಿಂತ ಮರಳಿನ ಮುಖ ಅವರಿಗೆ ಸುಲಭವಾಗಿ ಕಂಡಿರಬೇಕು. ಬಸ್ಸು ಒಂದು ಸಲ ಎರಡು ಗಜ ಹಿಂದೆ ಬಿತ್ತು, ಕೂಡಲೇ ಮರಳು ನಡುವೆ ನುಗ್ಗಿತು. ಒಳಗಿದ್ದವರೆಲ್ಲ "ಯಲ್ಲಾ! ಯಲ್ಲಾ! ಬೇಗ ಹೋಗು!" ಅಂತ ಬೊಬ್ಬೆ ಹಾಕಿದ ಮೇಲೆ ಡ್ರೈವರ್ ಮತ್ತೆ ಟ್ರ್ಯಾಕ್ಟರಿಗೆ ಅಂಟಿಕೊಂಡ. ಮರಳು ಮುಂದೆ ತೆರೆದುಕೊಳ್ತಿತ್ತು, ಬಸ್ಸಿನ ಹಿಂದಿನ ಚಕ್ರ ದಾಟಿದ ಕೂಡಲೇ ಮುಚ್ಚಿಕೊಳ್ತಿತ್ತು. ಇಡೀ ರಸ್ತೆಯಲ್ಲಿ ಒಂದು ಬಸ್ಸಿನಷ್ಟು ಉದ್ದದ ತುಂಡು ಮಾತ್ರ ಯಾವಾಗಲೂ ಇತ್ತು. ಅದು ನಮ್ಮ ಜೊತೆಗೇ ನಡೆದುಕೊಂಡು ತೋಟಕ್ಕೆ ಬಂತು.

ಗೇಟಿನೊಳಗೆ ಬಸ್ಸು ನಿಂತಿತು. ಮೊದಲು ಮಾರ್ಟಿನಕ್ಕ ಇಳಿದಳು. ಖರ್ಜೂರದ ಸಾಲು ನೋಡಿದಳು, ಬಂಗ್ಲೆ ನೋಡಿದಳು, ಅಂಗಳದಲ್ಲಿ ಹಳೆ ಸೀರೆ ಉಟ್ಟು ಮಣೆಯ ಮೇಲೆ ಕೂತ ಲವಿನಾಳನ್ನು ನೋಡಿದಳು. ಕೆಲಸದವರು ಸಾಲಾಗಿ ನಿಂತು "ಮೇನೇಜರ್ ಸಾಬ್ ಎಲ್ಲಿ?" ಅಂತ ಕೇಳುದೂ ಆಕೆಯ ಕಿವಿಗೆ ಬಿತ್ತು.

"ಹೌದು, ಮೇನೇಜರ್ ಎಲ್ಲಿ?" ಅಂದಳು ಆಕೆ.

ಟ್ರ್ಯಾಕ್ಟರಿನಿಂದ ಒಂದು ಕೆಂಪು ಆಕೃತಿ ಇಳಿಯಿತು. ಕಣ್ಣಿಲ್ಲ, ಮೀಸೆ ಇಲ್ಲ, ಮೇಲಿಂದ ಕೆಳಗೆ ಮರಳು. ಆಡುಗಳು ಬೆದರಿ ಓಡಿದವು. ಲವಿನಾ ಮಣೆಯಲ್ಲಿ ಕೂತಲ್ಲಿಂದಲೇ, "ಡ್ಯಾಡಿ, ಇಸ್ ದಟ್ ಯೂ?" ಅಂದಳು.

ಮಾರ್ಟಿನಕ್ಕ ಎರಡು ಸಲ ಅವರ ಸುತ್ತ ಬಂದಳು. ಆಮೇಲೆ ರೋಸಿಗೆ ಇಟ್ಟ ತೆಂಗಿನಹಾಲಿನ ಪಾತ್ರೆ ಎತ್ತಿಕೊಂಡಳು. ಮೊದಲ ಬೋಗುಣಿ ಮದುಮಗಳ ತಲೆಗೆ ಬೀಳಬೇಕಾದದ್ದು. ಆಕೆ ಅದನ್ನು ಪೊರ್ಬುಗಳ ನೆತ್ತಿಗೆ ಹೊಯ್ದಳು. ಹಣೆ ಕಾಣಿಸಿತು, ಮೂಗು ಕಾಣಿಸಿತು, ಮೀಸೆ ಒಂದೊಂದೇ ಕೂದಲಾಗಿ ಹೊರಗೆ ಬಂತು. ಎರಡನೇ ಬೋಗುಣಿಗೆ ಕ್ಲಾರೆನ್ಸ್ ಪೊರ್ಬು ಪೂರ್ತಿ ಬಂದರು.

"ಅವನೇ. ನಿನ್ನ ಗಂಡ ಮೇನೇಜರೇ ಉರ್ಸುಲಾ" ಅಂದಳು ಮಾರ್ಟಿನಕ್ಕ, ತಂಗಿಗೆ ಹೊಸ ಸುದ್ದಿ ಹೇಳುವವಳ ಹಾಗೆ.

ಉರ್ಸುಲಕ್ಕ ಕಣ್ಣು ಒರೆಸಿಕೊಂಡರು. ಕಣ್ಣಿಗೆ ಮರಳು ಬಿತ್ತು ಅಂತ ಹೇಳಿದರು.

ಹೆಂಗಸರು ಹಾಡು ಎತ್ತಿದರು, ಲವಿನಾಳ ತಲೆಗೆ ಹಾಲು ಬಿತ್ತು, ಬೀಳಬೇಕಾದ ಕಡೆ ಎಣ್ಣೆಯೂ ಬಿತ್ತು. ಕೆಳಗಿನ ಮಾಳಿಗೆ ಇಲ್ಲದ ಕಾರಣ ಎಲ್ಲರೂ ಎರಡೆರಡು ಸಲ ಹೊಯ್ದರು. ನಡುವೆ ಮಾರ್ಟಿನಕ್ಕ ಗೇಟಿನ ಹತ್ತಿರ ಹೋಗಿ ಹೊರಗೆ ನೋಡಿದಳು. ಎಲ್ಲಿ ನೋಡಿದರೂ ಕೆಂಪು ದಿಬ್ಬ, ನಡುವೆ ಒಂದು ಗೆರೆಯೂ ಇಲ್ಲ. ಬಸ್ಸು ಆಕಾಶದಿಂದ ಇಳಿದ ಹಾಗೆ ಅಂಗಳದಲ್ಲಿ ನಿಂತಿತ್ತು.

"ಕ್ಲಾರೆನ್ಸ್, ನಾಳೆ ಮದುವೆ. ಇಗರ್ಜಿಗೆ ಹೋಗಬೇಕಲ್ಲ, ರಸ್ತೆ ಎಲ್ಲಿ?"

ಪೊರ್ಬುಗಳು ಖುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ತಲೆಯಿಂದ ತೆಂಗಿನಹಾಲು ಇನ್ನೂ ಇಳೀತಿತ್ತು. ಆಕೆಯ ಕಡೆ ತಿರುಗಲಿಕ್ಕೆ ಕುತ್ತಿಗೆ ಕೇಳಲಿಲ್ಲ, ಅದಕ್ಕೆ ಖುರ್ಚಿಯನ್ನೇ ತಿರುಗಿಸಿಕೊಂಡರು.

"ರಸ್ತೆಯಾ? ಎಷ್ಟು ಗಂಟೆಗೆ ಬೇಕು ಹೇಳಿ ಅಕ್ಕ."