ಫೋನಿನಲ್ಲಿ ಬಂದ ಮತಗಳು

ಅಮೆರಿಕದಲ್ಲಿ ದುಡಿಯಲು ಬೇಕಾದ ಸೋಶಿಯಲ್ ಸೆಕ್ಯೂರಿಟಿ ನಂಬರ್ ಅಜ್ರಾಗೆ ಇರಲಿಲ್ಲ. ಅವಳದು ಗಂಡನ ವೀಸಾಕ್ಕೆ ಕಟ್ಟಿದ ವೀಸಾ. ಅನ್ವರ್ ಪೊವೇ ಎಂಬ ಊರಿನ ಬಿಸಿನೆಸ್ ಪಾರ್ಕಿನಲ್ಲಿ ಇಂಜಿನಿಯರ್ ಆಗಿರುವವರೆಗೆ ಅವಳು ಈ ದೇಶದಲ್ಲಿ ಇರಬಹುದು, ಅಡುಗೆ ಮಾಡಬಹುದು, ಟೀವಿ ನೋಡಬಹುದು, ದುಡಿಯುವಂತಿಲ್ಲ. ಮಾನಸಗಂಗೋತ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಓದಿ ಮೂರನೇ ರ್‍ಯಾಂಕ್ ತೆಗೆದವಳು ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯ ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಮೂರು ವರ್ಷದಿಂದ ಕೂತಿದ್ದಳು. ಇದ್ದ ಒಂದು ಕಾರು ಬೆಳಿಗ್ಗೆ ಎಂಟಕ್ಕೆ ಗಂಡನ ಜೊತೆ ಹೋಗುತ್ತಿತ್ತು, ಸಂಜೆ ಆರೂವರೆಗೆ ಗಂಡನ ಜೊತೆ ಬರುತ್ತಿತ್ತು. ಬಸ್ಸು ಗಂಟೆಗೊಂದು. ಹತ್ತಿ ಹೋಗುವುದಕ್ಕೆ ಅವಳಿಗೆ ಊರೂ ಇರಲಿಲ್ಲ, ಕೆಲಸವೂ ಇರಲಿಲ್ಲ.

ಗಂಡ ಹೆಂಡತಿ ಮನೆಯಲ್ಲಿ ಆಡುತ್ತಿದ್ದದ್ದು ಉರ್ದು. ಜಗಳ ಮಾತ್ರ ಕನ್ನಡದಲ್ಲಿ, ಯಾಕೆಂದರೆ ಪಕ್ಕದ ಮನೆಯವರು ಹೈದರಾಬಾದಿನವರು, ಗೋಡೆ ತೆಳು.

"ನಿಂಗೇನ್ ಕಮ್ಮಿ ಮಾಡಿದೀನಿ ಹೇಳು," ಅನ್ನುವನು ಅನ್ವರ್.

"ಏನೂ ಕಮ್ಮಿ ಇಲ್ಲ. ಝೂನಲ್ಲಿರೋ ಜಿರಾಫೆಗೂ ಏನೂ ಕಮ್ಮಿ ಇಲ್ಲ."

"ಗ್ರೀನ್ ಕಾರ್ಡ್ ಬರೋವರೆಗೂ ತಡ್ಕೊ ಮಾರಾಯ್ತಿ."

"ಎಷ್ಟು ವರ್ಷ?"

ಅದು ಅವನ ಲಾಯರಿಗೂ ಗೊತ್ತಿರಲಿಲ್ಲ.

ಸಂಬಳವಿಲ್ಲದೆ ಸೇವೆ ಮಾಡುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಲಾಸ್ ಏಂಜಲೀಸಿನಲ್ಲಿ ಹಳೆಯ ಅಮೆರಿಕನ್ ಜಾನಪದ ಹಾಡುಗಳನ್ನು ಕೂಡಿಡುವ ಒಂದು ಚಿಕ್ಕ ಸಂಘವಿತ್ತು. ಅದರ ವೆಬ್‌ಸೈಟ್ ನೋಡಿಕೊಳ್ಳಲು ಜನ ಬೇಕಾಗಿತ್ತು. ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಅಜ್ರಾ ಒಂದು ಇಮೇಲ್ ಬರೆದಳು. ಕಾರ್ಯದರ್ಶಿ ಮಾರ್ಜರಿ ಎಂಬ ರಿಟೈರ್ಡ್ ಟೀಚರ್. ಅವರು ಮರುದಿನವೇ ಒಪ್ಪಿಕೊಂಡರು. ಜನವರಿಯಲ್ಲಿ ಸಂಘ ಆನ್‌ಲೈನ್ ಸ್ಪರ್ಧೆಯೊಂದನ್ನು ಶುರು ಮಾಡಿತು: ಜನ ಅತಿ ಹೆಚ್ಚು ಮೆಚ್ಚುವ ಹಾಡು ಯಾವುದು? ಅರವತ್ತನಾಲ್ಕು ಹಾಡು, ಎರಡೆರಡರ ಜೋಡಿ. ಪ್ರತಿ ಸುತ್ತಿನಲ್ಲಿ ಜಾಸ್ತಿ ಮತ ಬಂದದ್ದು ಮುಂದಕ್ಕೆ, ಕಮ್ಮಿ ಬಂದದ್ದು ಮನೆಗೆ. ಕಂಪ್ಯೂಟರ್ ಇದ್ದವರು ತಾವೇ ಮತ ಹಾಕುವುದು. ಇಲ್ಲದ ಮುದುಕ ಮುದುಕಿಯರು ಅಜ್ರಾಗೆ ಫೋನ್ ಮಾಡಿ ಹೇಳಿದರೆ ಅವಳು ಅವರ ಹೆಸರು ಬರೆದು 'ಫೋನ್ ಮತ' ಎಂಬ ಕಡೆ ಸೇರಿಸುವುದು.

"ಇದನ್ನ ಚೆನ್ನಾಗಿ ನಡೆಸಿಕೊಡು. ಕಮಿಟಿ ಒಪ್ಪಿದರೆ ಸಂಘದಿಂದಲೇ ನಿನಗೆ ವರ್ಕ್ ವೀಸಾ ಅಪ್ಲೈ ಮಾಡಿಸ್ತೀನಿ," ಎಂದರು ಮಾರ್ಜರಿ. ಅರ್ಜಿ ಹೋಗಬೇಕಾದದ್ದು ಏಪ್ರಿಲ್ ಒಂದಕ್ಕೆ. ಅಜ್ರಾ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಲಿಲ್ಲ. ಹಾಕಿದರೆ ಅನ್ವರ್ ಕೇಳುತ್ತಾನೆ, ಕೇಳಿದರೆ ಹೇಳಬೇಕಾಗುತ್ತದೆ.

ನಲವತ್ತೊಂದನೇ ಹಾಡು ಹಾರ್ಲನ್ ಎಂಬವರದು. ಬಂದರಿನಲ್ಲಿ ಮೂಟೆ ಹೊತ್ತು ರಿಟೈರ್ ಆದವರು, ಎಂಬತ್ತಮೂರು ವಯಸ್ಸು, ಲಾಂಗ್ ಬೀಚಿನ ವೃದ್ಧರ ಹಾಸ್ಟೆಲ್ಲಿನಂಥ ಜಾಗದಲ್ಲಿ ಒಂದು ರೂಮು. ಅವರಜ್ಜಿ ಹೇಳಿಕೊಟ್ಟ ಹಾಡು. ಒಂದು ಹೇಸರಗತ್ತೆ ನದಿ ದಾಟಲು ಒಪ್ಪುವುದಿಲ್ಲ. ಯಜಮಾನ ಬೈದು, ಬೇಡಿ, ಲಂಚ ಕೊಟ್ಟು, ಕೊನೆಗೆ ತಾನೇ ಅದರ ಜೊತೆ ಈ ದಡದಲ್ಲಿ ಮನೆ ಕಟ್ಟುತ್ತಾನೆ. ಹಾರ್ಲನ್ ಹಲ್ಲಿಲ್ಲದ ಬಾಯಿಂದ ಎಳೆದೆಳೆದು ಹಾಡಿದ್ದರು. ರೆಕಾರ್ಡಿಂಗಿನಲ್ಲಿ ಪಕ್ಕದ ರೂಮಿನ ಟೀವಿಯೂ ಕೇಳುತ್ತಿತ್ತು.

ದಿನಾ ಬೆಳಿಗ್ಗೆ ಹತ್ತಕ್ಕೆ ಅವರ ಫೋನು. "ಎಷ್ಟಾಯ್ತು, ಯಂಗ್ ಲೇಡಿ?"

ಮೊದಲ ದಿನ ಅವಳು ನಿಜ ಹೇಳಿದಳು. "ಸೊನ್ನೆ."

"ಇನ್ನೂ ಮೊದಲ ದಿನ ತಾನೆ," ಎಂದರು ಹಾರ್ಲನ್.

ಎರಡನೇ ದಿನವೂ ಸೊನ್ನೆ. ಮೂರನೇ ದಿನ ಸೊನ್ನೆ ಎನ್ನಲು ಅಜ್ರಾಗೆ ಬಾಯಿ ಬರಲಿಲ್ಲ. ಅವಳು ಬೆಳೆದ ಕಡೆ ಹೀಗೆ ಯಾರನ್ನೂ ಸೊನ್ನೆಯ ಮೇಲೆ ನಿಲ್ಲಿಸುವ ಪದ್ಧತಿ ಇರಲಿಲ್ಲ. ಶಾಲೆಯ ಓಟದಲ್ಲಿ ಬಿದ್ದು ಎದ್ದು ಕೊನೆಗೆ ಬಂದವಳಿಗೂ ಒಂದು ಸೋಪಿನ ಡಬ್ಬಿ. ಇಲ್ಲಿ ಲಾಸ್ ಏಂಜಲೀಸ್ ಪಕ್ಕದ ಡೈಮಂಡ್ ಬಾರ್ ಎಂಬ ಊರಿನ ಜಯಾ ಆಂಟಿ ನಡೆಸುವ ಕನ್ನಡದ ಮಕ್ಕಳ ಸ್ಪರ್ಧೆಯಲ್ಲಂತೂ ಮೂರು ಬಹುಮಾನ, ಉಳಿದ ಇಪ್ಪತ್ತೇಳು ಸಮಾಧಾನಕರ ಬಹುಮಾನ. "ಯಾವ ಮಗೂನೂ ಅಳ್ತಾ ಕಾರ್ ಹತ್ತಬಾರದು ಕಣೆ," ಎನ್ನುವರು ಆಂಟಿ.

ಹಾಗಾಗಿ ಅಜ್ರಾ 'ಫೋನ್ ಮತ'ದಲ್ಲಿ ಮೂರು ಹೆಸರು ಬರೆದಳು. ಅಮೆರಿಕನ್ ಹೆಸರು ಬರೆದರೆ ಆ ಹೆಸರಿನವರು ನಿಜಕ್ಕೂ ಎಲ್ಲೋ ಇದ್ದುಬಿಟ್ಟಾರು ಎಂದು ಹೆದರಿ ಊರಿನವರನ್ನು ಕರೆತಂದಳು: ಗಣಿತದ ಶೇಖಪ್ಪ ಮೇಷ್ಟ್ರು, ಲ್ಯಾಬಿನ ಮರಿಯಪ್ಪ, ಪೋಸ್ಟ್ ಆಫೀಸಿನ ಶಿವರುದ್ರಪ್ಪ.

"ಮೂರು," ಎಂದಳು ಹಾರ್ಲನ್‌ಗೆ.

"ನಾನು ಹೇಳಲಿಲ್ಲವಾ!" ಎಂದರು ಅವರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಎದುರಿನ ಹಾಡಿಗೆ ಇಪ್ಪತ್ತೊಂದು ಮತ ಇತ್ತು, ಹಾರ್ಲನ್ ದಿನಾ ಕೇಳುತ್ತಿದ್ದರು, ದಿನಾ ಸಂಖ್ಯೆ ಸ್ವಲ್ಪ ಏರಬೇಕಿತ್ತು. ವಾರದ ಕೊನೆಗೆ ಅವಳು ಇಪ್ಪತ್ತನಾಲ್ಕು ಹೆಸರು ಬರೆದಿದ್ದಳು. ಹೇಸರಗತ್ತೆ ಎರಡನೇ ಸುತ್ತಿಗೆ ಹೋಯಿತು. ಎರಡನೇ ಸುತ್ತಿನಲ್ಲಿ ಇದ್ದಕ್ಕಿದ್ದಂತೆ ಸೊನ್ನೆಗೆ ಇಳಿದರೆ ನೋಡಿದವರೆಲ್ಲ ಕೇಳುತ್ತಾರೆ, ಆ ಇಪ್ಪತ್ತನಾಲ್ಕು ಜನ ಎಲ್ಲಿ ಸತ್ತರು ಎಂದು. ಆದ್ದರಿಂದ ಮೂವತ್ತೊಂದು. ಮೂರನೆಯದರಲ್ಲಿ ನಲವತ್ತೇಳು. ನಾಲ್ಕನೆಯದರಲ್ಲಿ ಎದುರಾಳಿ ಗಟ್ಟಿ. ನೂರಕ್ಕೂ ಮೇಲೆ ಹೆಸರು ಬೇಕಾಯಿತು. ಅಜ್ರಾ ತನ್ನ ಕ್ಲಾಸಿನ ಹಾಜರಿ ಪುಸ್ತಕವನ್ನು ನೆನಪಿನಿಂದ ಖಾಲಿ ಮಾಡಿದಳು. ಎಲ್ ಕಹೋನ್ ಕಡೆಯ ಹೆಂಗಸೊಬ್ಬಳು ಇಮೇಲ್ ಬರೆದಳು: "ನಮ್ಮ ತಂದೆಯ ಹಾಡು ಹೇಸರಗತ್ತೆಯ ಹಾಡಿನೆದುರು ಎರಡು ಮತದಲ್ಲಿ ಸೋತಿದೆ. ಎಣಿಕೆ ಸರಿ ಇದೆಯಾ, ದಯವಿಟ್ಟು ನೋಡುವಿರಾ?" ನೋಡಿದೆ, ಸರಿ ಇದೆ ಎಂದು ಅಜ್ರಾ ಉತ್ತರ ಬರೆದಳು. ಬರೆದು ಎದ್ದು ಹೋಗಿ ಪಾತ್ರೆ ತೊಳೆದಳು. ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳೇ ಅವು.

ಮಾರ್ಚ್ ಮೊದಲ ವಾರ ಮಾರ್ಜರಿ ಫೋನ್ ಮಾಡಿದರು. ಅವರಿಗೆ ಹೆಸರುಗಳ ಪಟ್ಟಿ ಕಂಡಿತ್ತು.

"ಇನ್ನೂರು ಜನ ಭಾರತೀಯರು! ನಮ್ಮ ಹಾಡು ಕೇಳಿ ಫೋನ್ ಮಾಡಿದ್ದಾರೆ! ಮೂವತ್ತು ವರ್ಷದಲ್ಲಿ ಈ ಸಂಘಕ್ಕೆ ಹೊಸಬರೊಬ್ಬರೂ ಬಂದಿರಲಿಲ್ಲ. ಕಮಿಟಿಯಲ್ಲಿ ನಿನ್ನ ವೀಸಾ ಬೇಡ ಅಂದಿದ್ದವರೆಲ್ಲ ಬಾಯಿ ಮುಚ್ಚಿದರು. ಅರ್ಜಿ ತಯಾರಾಗಿದೆ, ಈ ಸಮುದಾಯವನ್ನು ಕರೆತಂದವಳು ನೀನು ಅಂತಲೇ ಬರೆದಿದ್ದೇನೆ. ಹದಿನೈದನೇ ತಾರೀಕು ಶನಿವಾರ ಉಳಿದಿರುವ ನಾಲ್ಕು ಹಾಡುಗಳ ಕಾರ್ಯಕ್ರಮ. ಅವರಲ್ಲಿ ಒಂದಿಪ್ಪತ್ತು ಜನರನ್ನಾದರೂ ಕರೆದುಕೊಂಡು ಬಾ. ಸೋಮವಾರ ಸಹಿ ಹಾಕ್ತೀನಿ."

ಅತ್ತ ದರಿ, ಇತ್ತ ಪುಲಿ. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಇಪ್ಪತ್ತು ಜನರನ್ನು ಹುಟ್ಟಿಸಬೇಕು. ಅವಳು ಜಯಾ ಆಂಟಿಗೆ ಫೋನ್ ಹಚ್ಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಇಷ್ಟೇ ತಾನೆ?" ಎಂದರು ಆಂಟಿ. ಮೂವತ್ತು ವರ್ಷ ಡಾಕ್ಟರಾಗಿದ್ದವರು, ಯಾವ ರೋಗಕ್ಕೂ ಗಾಬರಿಯಾದವರಲ್ಲ. "ಇಪ್ಪತ್ತು ಜನಾನ? ಊಟ ಇದೆಯೇನೆ?"

"ಇದೆ ಆಂಟಿ. ಪಾಟ್‌ಲಕ್, ಎಲ್ಲರೂ ಒಂದೊಂದು ಅಡುಗೆ ತರೋದು."

"ವೆಜ್ಜಾ?"

"ನಾನು ಪುಳಿಯೋಗರೆ ಮಾಡ್ಕೊಂಡು ಬರ್ತೀನಿ."

"ಮುಗೀತಲ್ಲ ಹಾಗಾದ್ರೆ. ನೀನು ವೀಸಾ ನೋಡ್ಕೊ. ನಾವು ಬಂದು ತಲೆ ಆಡಿಸಿ ಹೋಗ್ತೀವಿ."

"ಆಂಟಿ, ಹಾಡನ್ನ ಒಂದ್ಸಲ ಕೇಳಿ ಬನ್ನಿ. ಲಿಂಕ್ ಕಳಿಸ್ತೀನಿ."

"ಕಳ್ಸು, ಕಳ್ಸು. ಎಲ್ಲರಿಗೂ ಫಾರ್ವರ್ಡ್ ಮಾಡ್ತೀನಿ."

ಶನಿವಾರ ಅನ್ವರ್ ಎರಡೂವರೆ ಗಂಟೆ ಡ್ರೈವ್ ಮಾಡಿದ. ದಾರಿಯಲ್ಲಿ ಅವಳು ಅವನಿಗೂ ಹೇಳಿದಳು. ಅವನು ಕನ್ನಡಕ್ಕೆ ತಿರುಗಿದ.

"ತಲೆ ಸರಿ ಇದೆಯಾ ನಿಂಗೆ? ಫ್ರಾಡ್ ಅಂತಾರೆ ಇದನ್ನ. ನಮ್ಮ ಹೆಸರು ನೋಡಿ ಮೊದಲೇ ಏರ್‌ಪೋರ್ಟಲ್ಲಿ ಪಕ್ಕಕ್ಕೆ ನಿಲ್ಲಿಸ್ತಾರೆ."

"ಗೊತ್ತು."

"ಗೊತ್ತಿದ್ದೂ?"

"ಹೌದು ರೀ. ಗೊತ್ತಿದ್ದೂ."

ಪುಳಿಯೋಗರೆಯ ಡಬ್ಬಿ ಅವಳ ತೊಡೆಯ ಮೇಲಿತ್ತು. ಕಾರಿನಲ್ಲಿ ಕಿಟಕಿ ತೆಗೆಯುವಂತೆಯೂ ಇರಲಿಲ್ಲ, ಫ್ರೀವೇಯ ಗದ್ದಲ.

ಲಾಸ್ ಏಂಜಲೀಸಿನ ಆ ಚರ್ಚ್ ಹಾಲಿನ ಬಾಗಿಲಲ್ಲಿ ಮಾರ್ಜರಿ ಮೇಜು ಹಾಕಿ, ಪಟ್ಟಿಯಿಂದ ಹೆಸರು ತೆಗೆದು ಎದೆಗೆ ಅಂಟಿಸುವ ಚೀಟಿಗಳನ್ನು ತಾವೇ ಬರೆದು ಸಾಲಾಗಿ ಜೋಡಿಸಿದ್ದರು. ಡೈಮಂಡ್ ಬಾರ್‌ನಿಂದ ಹದಿನೆಂಟು ಜನ ಬಂದರು, ಹೆಂಗಸರು ರೇಷ್ಮೆ ಸೀರೆಯಲ್ಲಿ. ಚೀಟಿಗಳ ಮುಂದೆ ನಿಂತು ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ಆರಿಸತೊಡಗಿದರು. 'ಮರಿಯಪ್ಪ' ಎಂಬ ಚೀಟಿಯನ್ನು ಇಬ್ಬರು ಎತ್ತಿಕೊಂಡು, ಓದಿ, ವಾಪಸ್ಸಿಟ್ಟರು. ಕೊನೆಗೂ ಅದನ್ನು ಯಾರೂ ಹಚ್ಚಿಕೊಳ್ಳಲಿಲ್ಲ. ಜಯಾ ಆಂಟಿಯ ಗಂಡ ಕೃಷ್ಣಸ್ವಾಮಿ ಅಂಕಲ್‌ಗೆ ಸಿಕ್ಕಿದ್ದು 'ಶಿವರುದ್ರಪ್ಪ.'

"ಏ ಜಯಾ, ನಾನು ಅಯ್ಯಂಗಾರಿ ಕಣೆ. ನಮ್ಮ ತಾತ ಶಿವನ ಗುಡಿ ಇರೋ ಬೀದೀಲೂ ಓಡಾಡ್ತಿರಲಿಲ್ಲ."

"ಎರಡು ಗಂಟೆ ಶೈವರಾಗ್ರೀ, ಏನೂ ಆಗಲ್ಲ. ಆ ಹುಡುಗಿ ಜೀವನದ ಪ್ರಶ್ನೆ."

"ಹಾಡು ಕೇಳಿದ್ರಾ ಅಂಕಲ್?" ಎಂದಳು ಅಜ್ರಾ ಮೆಲ್ಲಗೆ.

"ಡೌನ್‌ಲೋಡ್ ಆಗಲಿಲ್ಲಮ್ಮಾ. ಏನೋ ಕತ್ತೇದಲ್ವಾ?"

ಮಾರ್ಜರಿ ಪ್ರತಿಯೊಬ್ಬರ ಕೈಯನ್ನೂ ಎರಡು ಕೈಯಿಂದ ಕುಲುಕಿದರು. ಅವರ ಕಣ್ಣು ಒದ್ದೆಯಾಗಿತ್ತು. ಅಜ್ರಾಗೆ ಹಾಲಿನ ಬಾಗಿಲು ಎಲ್ಲಿದೆ ಎಂದು ಗೊತ್ತಿತ್ತು. ಅಲ್ಲಿ ಅನ್ವರ್ ಕಾರಿನ ಕೀ ಹಿಡಿದು ನಿಂತಿದ್ದ. ಹೋಗುವಂತಿರಲಿಲ್ಲ.

ಹಾರ್ಲನ್ ನಡೆಯಲು ಆಸರೆಯ ವಾಕರ್ ತಳ್ಳಿಕೊಂಡು ಬಂದರು. ಇಸ್ತ್ರಿ ಮಾಡಿದ ಶರ್ಟು, ಕತ್ತಿನವರೆಗೂ ಗುಂಡಿ. ಅಜ್ರಾ ಅವರನ್ನು ನೋಡಿದ್ದು ಅದೇ ಮೊದಲು. ಫೋನಿನ ದನಿಗಿಂತ ಮನುಷ್ಯ ಚಿಕ್ಕವರಿದ್ದರು. ಅವರು ನೆಟ್ಟಗೆ ಭಾರತೀಯರ ಸಾಲಿಗೆ ಹೋಗಿ ಕೃಷ್ಣಸ್ವಾಮಿ ಅಂಕಲ್ ಎದುರು ನಿಂತರು. ಚೀಟಿಯ ಹೆಸರನ್ನು ಓದಲು ಎರಡು ಸಲ ಪ್ರಯತ್ನಿಸಿ ಬಿಟ್ಟರು.

"ನಿಮಗೆ ಯಾವ ಚರಣ ಇಷ್ಟವಾಯ್ತು, ಸರ್?"

"ಎಲ್ಲಾ," ಎಂದರು ಅಂಕಲ್. "ಎಲ್ಲಾ ಚೆನ್ನಾಗಿದೆ."

ಹಾರ್ಲನ್ ಅಂಕಲ್ ಮುಖ ನೋಡಿದರು. "ಕೊನೆಯಲ್ಲಿ ಹೇಸರಗತ್ತೆ ನದಿಯಲ್ಲಿ ಮುಳುಗಿ ಸಾಯುತ್ತಲ್ಲ. ಅದಾ?"

"ಹೌದು ಹೌದು. ಕಣ್ಣಲ್ಲಿ ನೀರು ಬಂದುಬಿಡ್ತು."

ಹಾರ್ಲನ್ ಪಕ್ಕದವರನ್ನು ನೋಡಿದರು. ಪಕ್ಕದವರೂ ತಲೆಯಾಡಿಸಿದರು, ಅವರ ಪಕ್ಕದವರೂ. ಹದಿನೆಂಟು ತಲೆಗಳು ಸತ್ತಿಲ್ಲದ ಹೇಸರಗತ್ತೆಗಾಗಿ ಆಡಿದವು. ಹಾರ್ಲನ್ ಅಜ್ರಾ ಕಡೆಗೆ ವಾಕರ್ ತಿರುಗಿಸಿಕೊಂಡರು. ಅದಕ್ಕೆ ನಾಲ್ಕು ಹೆಜ್ಜೆ ಬೇಕಾಯಿತು.

"ಎಷ್ಟು, ಯಂಗ್ ಲೇಡಿ?"

ಮಾರ್ಜರಿ ಪಕ್ಕದಲ್ಲೇ ನಿಂತಿದ್ದರು, ನಗುತ್ತ. ಇನ್ನೂರ ಹದಿನೈದು ಎಂದಿದ್ದರೆ ಹಾರ್ಲನ್ ಸುಮ್ಮನಾಗುತ್ತಿದ್ದರೋ ಏನೋ. ಎಂಬತ್ತಮೂರು ವರ್ಷದ ಮನುಷ್ಯ, ದೂರು ಕೊಡುವ ಜಾತಿಯಲ್ಲ. ಸೋಮವಾರ ಸಹಿ ಬೀಳುತ್ತಿತ್ತು. ಅಜ್ರಾ ಬಾಯಿ ತೆರೆದಾಗ ಆ ಸಂಖ್ಯೆಯೇ ನಾಲಿಗೆಯ ಮೇಲಿತ್ತು. ಆದರೆ ಅದನ್ನು ಹೇಳಿದರೆ ನಾಳೆ ಬೆಳಿಗ್ಗೆ ಹತ್ತಕ್ಕೆ ಇನ್ನೊಂದು ಹೇಳಬೇಕು. ಆಮೇಲೆ ಸಂಘದ ಕುರ್ಚಿಯಲ್ಲಿ ಕೂತು ವರ್ಷವಿಡೀ ಈ ಇನ್ನೂರು ಜನರನ್ನು ಸಾಕಬೇಕು.

"ಏಳು," ಎಂದಳು.

"ನಾಲ್ಕೂ ಸುತ್ತು ಸೇರಿ?"

"ನಾಲ್ಕೂ ಸೇರಿ."

"ಅದನ್ನೇ ಹೇಳಬಹುದಿತ್ತು," ಎಂದರು ಹಾರ್ಲನ್. ಕೂಗಲಿಲ್ಲ, ಬೈಯಲಿಲ್ಲ. ಕುರ್ಚಿ ಹುಡುಕಿಕೊಂಡು ಹೋಗಿ ಬಾಗಿಲ ಹತ್ತಿರ ಕೂತರು. ತಮ್ಮ ಸರದಿ ಬಂದಾಗ ಹಾಡಲು ಏಳಲಿಲ್ಲ.

ಮಾರ್ಜರಿಯವರ ನಗು ಮುಖದಿಂದ ಹೋಗಲು ಸಮಯ ತೆಗೆದುಕೊಂಡಿತು. "ಮಿಕ್ಕವರು?" ಎಂದರು.

"ನಮ್ಮೂರಿನವರ ಹೆಸರು. ಅವರಿಗೆ ಗೊತ್ತಿಲ್ಲ. ನಾನೇ ಬರೆದದ್ದು."

"ಮತ್ತೆ ಇವರೆಲ್ಲ?"

ಇವರೆಲ್ಲ ಆಗಲೇ ಎದೆಯ ಚೀಟಿಗಳನ್ನು ಕಿತ್ತು ಮಡಚಿ ಪರ್ಸಿಗೆ ಹಾಕಿಕೊಳ್ಳುತ್ತಿದ್ದರು. ಜಯಾ ಆಂಟಿ ಹತ್ತಿರ ಬಂದು ಹಲ್ಲು ಕಚ್ಚಿ ಕೇಳಿದರು, "ಯಾಕೇ ಹೇಳ್ದೆ? ಅಂಕಲ್ ಸರಿಯಾಗೇ ನಿಭಾಯಿಸ್ತಿದ್ರಲ್ಲ?"

"ಕತ್ತೆ ಸಾಯಲ್ಲ ಆಂಟಿ."

"ಅಯ್ಯೋ, ಸತ್ತರೆಷ್ಟು ಬಿಟ್ಟರೆಷ್ಟು!"

ಸೋಮವಾರ ಮಾರ್ಜರಿಯ ಇಮೇಲ್ ಬಂತು, ಎಂಟು ಸಾಲು. ಕಮಿಟಿ ಅರ್ಜಿಯನ್ನು ಕಳಿಸುತ್ತಿಲ್ಲ. ವೆಬ್‌ಸೈಟಿನ ಪಾಸ್‌ವರ್ಡ್ ಬದಲಾಯಿಸಲಾಗಿದೆ. ಫೋನಿನಲ್ಲಿ ಬಂದ ಮತಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಅಜ್ರಾಳ ಮಾತಿನ ಮೇಲೆ ಇನ್ನು ನಂಬುವಂತಿಲ್ಲ, ಆದ್ದರಿಂದ ಎಲ್ಲ ಹಾಡುಗಳ ಎಲ್ಲ ಫೋನ್ ಮತಗಳನ್ನೂ ತೆಗೆದುಹಾಕಲಾಗಿದೆ. ಅಜ್ರಾ ಮತ್ತೆ ಪಟ್ಟಿ ಕಳಿಸಿ, ನಿಜವಾದವು ಇವು, ಇವರಿಗೆ ಕಂಪ್ಯೂಟರ್ ಇಲ್ಲ, ಇವರನ್ನು ಉಳಿಸಿ ಎಂದು ಬರೆದಳು. ಉತ್ತರ ಬರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅನ್ವರ್ ಉರ್ದುವಿನಲ್ಲೇ ಮಾತಾಡಿದ. ಕಂಪನಿ ಇನ್ನೊಂದು ಮೂರು ವರ್ಷಕ್ಕೆ ಅವನ ವೀಸಾ ಮುಂದುವರಿಸುತ್ತದಂತೆ, ಅವಳದೂ ಅದರ ಜೊತೆಗೇ ಮುಂದುವರಿಯುತ್ತದಂತೆ. ಅವಳು ಸಾರು ಬಡಿಸಿದಳು.

ತೆಗೆದುಹಾಕಿದ್ದರಲ್ಲಿ ಸುಳ್ಳು ಮತ ಇನ್ನೂರ ಎಂಟು. ನಿಜವಾದವು ಅರವತ್ತೊಂದು, ಹಾರ್ಲನ್‌ಗೆ ಬಂದಿದ್ದ ಏಳೂ ಅದರಲ್ಲೇ ಇದ್ದವು. ಒಟ್ಟು ಇನ್ನೂರ ಅರವತ್ತೊಂಬತ್ತು.